ಸಲೈನ್ ಮುಟ್ಟದ ಜಾಗ: ಕಲಬುರಗಿ ಕಡೆಯ ಒಂದು ಮಗುವಿನ ಶ್ರವಣ ಪ್ರಕರಣ

ಇದು ಕಲಬುರಗಿ ಜಿಲ್ಲೆಯ ಒಂದು ಮಗುವಿನ ಪ್ರಕರಣ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು ಮತ್ತು ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಗುವನ್ನು ಇಲ್ಲಿ ಮಲ್ಲು ಅಂತ ಕರೆಯೋಣ. ನಾನು ಶ್ರವಣ ಪರೀಕ್ಷೆ ಮತ್ತು ಮಾತಿನ ತರಬೇತಿಯ ಕೆಲಸ ಮಾಡುವವಳು. ಕಿವಿ ಕೇಳದ ಮಕ್ಕಳಿಗೆ ಗ್ಲೂಕೋಸ್ ಸಲೈನ್ ಹಚ್ಚಿಸಿ, ನರದ ಟಾನಿಕ್ ಕುಡಿಸಿ, ತಿಂಗಳುಗಟ್ಟಲೆ ಕಾಯುವುದನ್ನು ನಮ್ಮ ಭಾಗದಲ್ಲಿ ನಾನು ಮತ್ತೆ ಮತ್ತೆ ನೋಡಿದ್ದೇನೆ. ಅದು ಯಾಕೆ ಕೆಲಸಕ್ಕೆ ಬರುವುದಿಲ್ಲ ಅನ್ನುವುದನ್ನು ಈ ಮಗುವಿನ ಕತೆ ಚೆನ್ನಾಗಿ ತೋರಿಸುತ್ತದೆ.

ಹಿನ್ನೆಲೆ

ಮಲ್ಲು ನನ್ನ ಹತ್ತಿರ ಬಂದಾಗ ಅವನಿಗೆ ಒಂದು ವರ್ಷ ಹತ್ತು ತಿಂಗಳು. ಅಪ್ಪನದು ಸೇಡಂ ಕಡೆ ಹಾಸುಗಲ್ಲಿನ ಗಣಿಯಲ್ಲಿ ಕಲ್ಲು ಲಾರಿಗೆ ಏರಿಸುವ ಕೆಲಸ. ಮನೆಗೆ ಸ್ವಲ್ಪ ತೊಗರಿ ಹೊಲವೂ ಇದೆ. ಅವ್ವ ತನ್ನ ಸೋದರಮಾವನನ್ನೇ ಮದುವೆಯಾದವಳು. ಹಾಗಾಗಿ ಅವಳ ಅತ್ತೆಯೇ ಅವಳ ತಾಯಿಯ ತಾಯಿ. ಮನೆಯಲ್ಲಿ ಎಲ್ಲರೂ ಆಕೆಯನ್ನು ಆಯಿ ಅಂತಾರೆ, ಅಜ್ಜನನ್ನು ಮುತ್ಯಾ.

ಹೆರಿಗೆ ಸರಳವಾಗಿತ್ತು. ಮಗು ಹುಟ್ಟಿದ ಕೂಡಲೇ ಅತ್ತಿತ್ತು. ಕಾಮಾಲೆ ಇಲ್ಲ, ಜ್ವರ ಇಲ್ಲ, ತೂಕ ಕಡಿಮೆ ಇರಲಿಲ್ಲ. ಒಂದು ವರ್ಷಕ್ಕೆ ನಡೆದಿದ್ದ. ಆಟದಲ್ಲಿ ಚುರುಕು. ಹುಟ್ಟಿದಾಗ ಕಿವಿ ಪರೀಕ್ಷೆ ಮಾತ್ರ ಆಗಿರಲಿಲ್ಲ.

ಮಾತು ಬರಲಿಲ್ಲ ಅನ್ನುವುದನ್ನು ಮೊದಲು ಗಮನಿಸಿದ್ದು ಅವ್ವ. "ನಮ್ಮ ಮಗ ಮೂರು ವರ್ಷಕ್ಕ ಮಾತಾಡ್ಯಾನ, ಇವಾನೂ ಹಂಗೇ" ಅಂತ ಮುತ್ಯಾ ಹೇಳಿ ಸುಮ್ಮನಾಗಿದ್ದರು. ಆಯಿಯ ಲೆಕ್ಕ ಬೇರೆ ಇತ್ತು. ಬಸುರಿಯಿದ್ದಾಗ ಸೊಸೆ ಗ್ರಹಣದ ಹೊತ್ತಿನಲ್ಲಿ ಹಿತ್ತಲಿಗೆ ಹೋಗಿ ಬಂದಿದ್ದಳಂತೆ. ಆ ಮಾತು ಎರಡು ವರ್ಷದಿಂದ ಆ ಹುಡುಗಿಯ ತಲೆಯ ಮೇಲೆ ಕೂತಿತ್ತು.

ಒಂದು ವರ್ಷ ಆದಾಗ ಊರಿನ ಹತ್ತಿರದ ಒಬ್ಬರಿಗೆ ತೋರಿಸಿದ್ದರು. "ಕಿವಿ ನರಕ್ಕ ಶಕ್ತಿ ಸಾಲಲ್ದು" ಅಂತ ಅವರು ಹೇಳಿದರು. ಆಗಾಗ ಗ್ಲೂಕೋಸ್ ಸಲೈನ್, ಜೊತೆಗೆ ಟಾನಿಕ್. ಎಂಟು ತಿಂಗಳು ಹೀಗೇ ಹೋಯಿತು.

ಮೊದಲ ದಿನ ನೋಡಿದ್ದು

"ಕೇಳ್ಸತದ ನೋಡ್ರಿ ಮೇಡಂ" ಅಂತ ಆಯಿ ಚೀಲದಿಂದ ಸ್ಟೀಲ್ ತಾಟು, ಚಮಚ ತೆಗೆದರು. ಮನೆಯಿಂದಲೇ ತಂದಿದ್ದರು. ಮಗು ಅವ್ವನ ತೊಡೆಯ ಮೇಲಿತ್ತು. ಆಯಿ ಹಿಂದೆ ನಿಂತು ತಾಟು ಬಡಿದರು. ಮಲ್ಲು ತಲೆ ಎತ್ತಿದ.

ಆದರೆ ಅವನು ತಾಟಿನ ಕಡೆ ತಿರುಗಲಿಲ್ಲ, ಅವ್ವನ ಮುಖ ನೋಡಿದ. ತಾಟು ಬಡಿದಾಗ ಬೆಚ್ಚಿದ್ದು ಅವ್ವ. ಅವಳ ಭುಜ ಒಂದಿಷ್ಟು ಮೇಲೆ ಹೋಗಿತ್ತು, ತೊಡೆ ಅಲುಗಿತ್ತು. ಮಗುವಿಗೆ ಸಿಕ್ಕಿದ್ದು ಆ ಅಲುಗಾಟ. ಮಗುವನ್ನು ನೆಲದ ಮೇಲೆ ದಪ್ಪ ಚಾಪೆ ಹಾಕಿ ಕೂರಿಸಿ, ಕೈಗೆ ಬಣ್ಣದ ಬಿಲ್ಲೆ ಕೊಟ್ಟು, ಅದೇ ತಾಟನ್ನು ಅಷ್ಟೇ ಜೋರಾಗಿ ಬಡಿಸಿದೆ. ಅವನು ಬಿಲ್ಲೆ ಜೋಡಿಸುತ್ತಲೇ ಇದ್ದ. ಆಯಿ ಇನ್ನೊಂದು ಸಲ ಬಡಿದರು. ಆಮೇಲೆ ತಾಟನ್ನು ಚೀಲದೊಳಗೆ ಇಟ್ಟರು.

ಪರೀಕ್ಷೆಗಳು ಅದನ್ನೇ ಹೇಳಿದವು. ಒಎಇ ಪರೀಕ್ಷೆಯಲ್ಲಿ ಎರಡೂ ಕಿವಿಯಿಂದ ಉತ್ತರ ಇಲ್ಲ. ಒಳಕಿವಿಯಲ್ಲಿ ಕೂದಲಿನಂಥ ತುದಿಯ ರೋಮಕೋಶಗಳು ಸಾಲಾಗಿವೆ. ಅವುಗಳಲ್ಲಿ ಹೊರಸಾಲಿನವು ಸದ್ದು ಬಂದಾಗ ತಾವೂ ಕುಣಿದು ಸಣ್ಣ ಸದ್ದು ಹೊರಡಿಸುತ್ತವೆ. ಆ ಪರೀಕ್ಷೆ ಹಿಡಿಯುವುದು ಅದನ್ನೇ. ಬೆರಾ ಅಂದರೆ ಸದ್ದಿಗೆ ಶ್ರವಣ ನರ ಮತ್ತು ಮಿದುಳಿನ ಬುಡ ಕೊಡುವ ವಿದ್ಯುತ್ ಅಲೆಯನ್ನು ಅಳೆಯುವ ಪರೀಕ್ಷೆ. ನಿದ್ದೆ ಬರಿಸಿ ಮಾಡಿದ ಆ ಪರೀಕ್ಷೆಯಲ್ಲಿ 90 ಡೆಸಿಬಲ್‌ನಷ್ಟು ಜೋರು ಸದ್ದಿಗೂ ಅಲೆ ಕಾಣಲಿಲ್ಲ. ಎರಡೂ ಕಿವಿಯಲ್ಲಿ ತೀವ್ರವಾದ ಶ್ರವಣದೋಷ.

ವರದಿ ಕೈಗೆ ಕೊಟ್ಟಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು: "ಸಲೈನ್ ಕಮ್ಮಿ ಬಿದ್ದದೇನ್ರಿ? ಸಾಲ ಮಾಡಿ ಆದ್ರೂ ಇನ್ನಷ್ಟು ಹಚ್ಚಿಸ್ತೀವಿ."

ಬೇಡ ಅಂದು ಮುಗಿಸಬಹುದಿತ್ತು. ಹೊರಗೆ ಸಾಲು ಇತ್ತು. ಆದರೆ ಕಾರಣ ಹೇಳದೆ ಬೇಡ ಅಂದರೆ ಮುಂದಿನ ವಾರ ಇನ್ನೊಬ್ಬರ ಹತ್ತಿರ ಬಾಟಲಿ ಹಚ್ಚಿಸುತ್ತಾರೆ. ಅದು ನನಗೆ ಗೊತ್ತು. ಆ ಮನುಷ್ಯ ಕೇಳಿದ ಪ್ರಶ್ನೆ ಪೂರ್ತಿ ತಪ್ಪೂ ಅಲ್ಲ. ಒಳಕಿವಿಯ ಕೋಶಗಳಿಗೆ ಗ್ಲೂಕೋಸ್ ಬೇಕೇ ಬೇಕು. ಪ್ರಶ್ನೆ ಇರುವುದು ಅದು ಅಲ್ಲಿಗೆ ಹೇಗೆ ತಲುಪುತ್ತದೆ ಅನ್ನುವುದರಲ್ಲಿ. ಹಾಗಾಗಿ ಕಾಗದದ ಮೇಲೆ ಚಿತ್ರ ಬರೆದು ಕೂತೆ.

ಗ್ಲೂಕೋಸ್ ಹೋಗುವ ದಾರಿ

ಒಳಕಿವಿಯಲ್ಲಿ ಸದ್ದು ಹಿಡಿಯುವ ಭಾಗ ಕಾಕ್ಲಿಯಾ. ಎರಡೂವರೆ ಸುತ್ತು ಸುತ್ತಿಕೊಂಡಿರುವ ಕೊಳವೆ. ಅದರೊಳಗೆ ಕೋರ್ಟಿ ಅಂಗ ಇದೆ. 1851ರಲ್ಲಿ ಅದನ್ನು ವಿವರಿಸಿದ ಅಲ್ಫೊನ್ಸೊ ಕೋರ್ಟಿಯ ಹೆಸರೇ ಅದಕ್ಕೆ ಬಂದಿದೆ. ರೋಮಕೋಶಗಳು ಇರುವುದು ಅಲ್ಲಿ. ಒಂದು ಕಿವಿಯಲ್ಲಿ ಒಳಸಾಲಿನವು ಸುಮಾರು 3,500, ಹೊರಸಾಲಿನವು ಸುಮಾರು 12,000.

ಈ ಕೋಶಗಳ ನಡುವೆ ಒಂದೂ ರಕ್ತನಾಳ ಹಾದುಹೋಗುವುದಿಲ್ಲ. ನಮ್ಮ ಸ್ನಾಯು, ಮಿದುಳು ಎರಡರಲ್ಲೂ ಕೋಶದ ಪಕ್ಕದಲ್ಲೇ ಸಣ್ಣ ರಕ್ತನಾಳ ಸಿಗುತ್ತದೆ. ಇಲ್ಲಿ ಇಲ್ಲ. ರಕ್ತ ಹರಿಯುವ ಅಲುಗಾಟವೇ ಸದ್ದಾಗಿ ಕೇಳಿಸಬಾರದು ಅಂತ ಹೀಗಿದೆ ಅನ್ನುವ ವಿವರಣೆ ಇದೆ. ಕೂದಲೆಳೆಗಿಂತ ಎಷ್ಟೋ ಸಣ್ಣ ಕಂಪನವನ್ನು ಹಿಡಿಯುವ ಜಾಗದಲ್ಲಿ ನಾಡಿ ಮಿಡಿದರೆ ಹೇಗೆ, ಅಲ್ವಾ?

ಹಾಗಾದರೆ ಆಹಾರ ಎಲ್ಲಿಂದ? ಒಳಕಿವಿಗೆ ರಕ್ತ ತರುವುದು ಒಂದೇ ಸಣ್ಣ ಅಪಧಮನಿ. ಅದರ ಒಂದು ಪಾಲು ಕಾಕ್ಲಿಯಾದ ಹೊರಗೋಡೆಗೆ ಹೋಗುತ್ತದೆ. ಅಲ್ಲಿ ರಕ್ತನಾಳಗಳು ದಟ್ಟವಾಗಿವೆ. ಆದರೆ ಅವುಗಳ ಗೋಡೆ ಬಿಗಿ. ಮಿದುಳಿನಲ್ಲಿರುವಂತೆ ಇಲ್ಲೂ ಒಂದು ತಡೆ ಇದೆ, ರಕ್ತದಲ್ಲಿರುವುದೆಲ್ಲ ಒಳಗೆ ಬರಲಾರದು. ಗ್ಲೂಕೋಸನ್ನು ದಾಟಿಸಲು ಆ ಗೋಡೆಯಲ್ಲಿ ಗ್ಲಟ್1 ಅನ್ನುವ ಸಾಗಣೆ ಪ್ರೋಟೀನ್ ಇದೆ. ದಾಟಿದ ಗ್ಲೂಕೋಸ್ ಸ್ವಲ್ಪ ಒಳಕಿವಿಯ ದ್ರವಕ್ಕೆ ಸೇರುತ್ತದೆ. ಇನ್ನು ಸ್ವಲ್ಪ ರೋಮಕೋಶಗಳ ಸುತ್ತ ನಿಂತಿರುವ ಆಸರೆ ಕೋಶಗಳ ಮೂಲಕ ಸಾಗುತ್ತದೆ.

ಈ ಆಸರೆ ಕೋಶಗಳು ಒಂದಕ್ಕೊಂದು ಅಂಟಿಕೊಂಡಿವೆ, ಮತ್ತು ನಡುವೆ ಸಣ್ಣ ಕಿಂಡಿಗಳಿವೆ. ಕನೆಕ್ಸಿನ್ ಅನ್ನುವ ಪ್ರೋಟೀನ್ ಆರು ಸೇರಿದರೆ ಅರ್ಧ ಕಿಂಡಿ. ಪಕ್ಕದ ಕೋಶದ ಅರ್ಧ ಬಂದು ಕೂಡಿದರೆ ಪೂರ್ತಿ ಕಿಂಡಿ. ಸುಮಾರು 1,000 ಡಾಲ್ಟನ್ (ಅಣುವಿನ ತೂಕದ ಅಳತೆ) ತೂಕದವರೆಗಿನ ಅಣುಗಳು ಇದರಲ್ಲಿ ದಾಟುತ್ತವೆ. ಗ್ಲೂಕೋಸ್ ಬರೀ 180. ಒಂದು ಕೋಶದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಲೀಸಾಗಿ ಹೋಗುತ್ತದೆ. ರೋಮಕೋಶಕ್ಕೆ ಮಾತ್ರ ಈ ಕಿಂಡಿ ಇಲ್ಲ. ಆಸರೆ ಕೋಶ ಪಕ್ಕದ ತೆಳು ದ್ರವಕ್ಕೆ ಬಿಟ್ಟದ್ದನ್ನು ಅದು ತನ್ನ ಗೋಡೆಯ ಮೂಲಕ ಒಳಗೆಳೆದುಕೊಳ್ಳಬೇಕು.

ಇದನ್ನು ಇಲಿಗಳಲ್ಲಿ ಕಣ್ಣಾರೆ ನೋಡಿದ್ದಾರೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊಳೆಯುವ ಗ್ಲೂಕೋಸ್ ಅಣುವನ್ನು ಬಳಸಿ ಅದು ಆಸರೆ ಕೋಶಗಳ ಸಾಲಿನಲ್ಲಿ ಸಾಗುವುದನ್ನು ಗಮನಿಸಿದರು. ಕನೆಕ್ಸಿನ್‌ಗಳಲ್ಲಿ ಒಂದು ಬಗೆಯಾದ ಕನೆಕ್ಸಿನ್ 30 ಇಲ್ಲದ ಇಲಿಗಳಲ್ಲಿ ಆ ಸಾಗಾಟ ಕುಂದಿತ್ತು, ರೋಮಕೋಶಗಳು ಸಾಯುತ್ತಿದ್ದವು. ಇದೇ ಕಿಂಡಿಗಳಲ್ಲಿ ಪೊಟ್ಯಾಸಿಯಂ ಮತ್ತು ಇತರ ಸಂಕೇತದ ಅಣುಗಳೂ ದಾಟುತ್ತವೆ. ಹಾಗಾಗಿ ಕಿಂಡಿ ಕೆಟ್ಟಾಗ ಆಗುವ ಹಾನಿಯನ್ನೆಲ್ಲ ಗ್ಲೂಕೋಸ್ ಒಂದರ ತಲೆಗೇ ಕಟ್ಟಲಾಗದು.

ಅಪ್ಪನಿಗೆ ಡಾಲ್ಟನ್, ಕನೆಕ್ಸಿನ್ ಏನೂ ಹೇಳಲಿಲ್ಲ. ನಿಮ್ಮ ಗಣಿಯಲ್ಲಿ ಕಲ್ಲನ್ನು ಲಾರಿಗೆ ಹೇಗೆ ಏರಿಸ್ತೀರಿ ಅಂತ ಕೇಳಿದೆ. ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ್ತೀವಿ ಅಂದರು. ಒಳಕಿವಿಯಲ್ಲೂ ಹಾಗೇ ಸಾಲು ಇದೆ ಅಂದೆ. ಮಗುವಿನ ರಕ್ತದ ಸಕ್ಕರೆ ವರದಿ ತೋರಿಸಿದೆ: 94. ಪೂರ್ತಿ ಸರಿ ಇದೆ. ಅಪ್ಪ ಸ್ವಲ್ಪ ಹೊತ್ತು ಚಿತ್ರ ನೋಡಿದರು. "ಅಂದ್ರ ಗಣ್ಯಾಗ ಕಲ್ಲಿಗೇನ್ ಕಮ್ಮಿ ಇಲ್ಲ. ಸಾಲಿನ್ಯಾಗ ಮಂದಿ ಇಲ್ಲ, ಇಲ್ಲಾ ಲಾರೀನೇ ಇಲ್ಲ" ಅಂದರು.

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ರಕ್ತದಲ್ಲಿ ಕೊರತೆ ಇದ್ದಾಗ ಮಾತ್ರ ಸಲೈನ್ ನೆರವಿಗೆ ಬರುತ್ತದೆ. ಇಲ್ಲಿ ತೊಂದರೆ ಇರುವುದು ರಕ್ತನಾಳ ದಾಟಿದ ಮೇಲೆ. ರೋಮಕೋಶ ಒಮ್ಮೆ ಸತ್ತರೆ ಮನುಷ್ಯರಲ್ಲಿ ಅದು ಮತ್ತೆ ಹುಟ್ಟುವುದಿಲ್ಲ. ಕೋಳಿಗಳಲ್ಲಿ ಹುಟ್ಟುತ್ತದೆ, ನಮ್ಮಲ್ಲಿ ಇಲ್ಲ. ಆ ದಿನದಿಂದ ಸಲೈನ್ ನಿಂತಿತು. ಈ ಪ್ರಕರಣದ ಮೊದಲ ತಿರುವು ಅದೇ ಅಂತ ನನಗೆ ಅನಿಸುತ್ತದೆ.

ಮಷೀನ್ ಹಾಕಿ ನೋಡಿದ್ದು

ಶಕ್ತಿಯುತವಾದ ಶ್ರವಣ ಸಾಧನ ಎರಡೂ ಕಿವಿಗೆ ಹಾಕಿದೆವು. ಮೂರು ತಿಂಗಳು ವಾರವಾರ ತರಬೇತಿ. ಅವ್ವ ಒಂದು ವಾರವೂ ತಪ್ಪಿಸಲಿಲ್ಲ. ಡೋಲು ಜೋರಾಗಿ ಬಡಿದರೆ ಒಮ್ಮೊಮ್ಮೆ ಕಣ್ಣು ಅರಳುತ್ತಿತ್ತು, ಅಷ್ಟೇ. ಮಾತಿನ ಸದ್ದಿಗೆ ಏನೂ ಇಲ್ಲ. ಎಷ್ಟೋ ಮಕ್ಕಳಿಗೆ ಸಾಧನವೇ ಸಾಕಾಗುತ್ತದೆ, ಅದನ್ನು ಹಾಕಿ ನೋಡದೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಕಿವಿಯಲ್ಲಿ ಸಾಧನ ಕೂರಿಸುವ ಆಪರೇಷನ್ ಮಾತು ಎತ್ತಬಾರದು. ಈ ಮಗುವಿಗೆ ಸಾಕಾಗಲಿಲ್ಲ.

ಈ ನಡುವೆ ಇನ್ನೊಂದು ವಿಷಯ ಹೊರಬಂತು. ಮನೆಯಲ್ಲಿ ಯಾರಿಗಾದರೂ ಕಿವಿ ತೊಂದರೆ ಇದೆಯಾ ಅಂತ ಮೊದಲ ದಿನವೇ ಕೇಳಿದ್ದೆ. ಇಲ್ಲ ಅಂದಿದ್ದರು. ಒಂದು ವಾರ ಮುತ್ಯಾ ಜೊತೆಗೆ ಬಂದರು. ಅವರ ಅಣ್ಣತಮ್ಮ, ಅಕ್ಕತಂಗಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಹೇಳಿ ಅಂದೆ. ಐದು ಹೆಸರು ಹೇಳಿ ನಿಲ್ಲಿಸಿದರು. "ಇನ್ನೊಬ್ಬಾಕಿ ತಂಗಿ ಇದ್ಳರಿ. ಮಾತು ಬರ್ತಿದ್ದಿಲ್ಲ. ಸಣ್ಣಾಕಿದ್ದಾಗೇ ಹೋಗಿಬಿಟ್ಳು" ಅಂದರು. ಎಲ್ಲರೂ ಅವಳನ್ನು ಮೂಕಿ ಅಂತ ತಿಳಿದಿದ್ದರೇ ಹೊರತು ಅವಳಿಗೆ ಕಿವಿ ಕೇಳುತ್ತಿರಲಿಲ್ಲ ಅಂತ ಯಾರೂ ಯೋಚಿಸಿರಲಿಲ್ಲ.

ರಕ್ತಸಂಬಂಧದ ಮದುವೆ, ಹಿಂದಿನ ತಲೆಮಾರಿನಲ್ಲಿ ಮಾತು ಬಾರದ ಹೆಣ್ಣುಮಗಳು, ಮಗುವಿಗೆ ಬೇರೆ ಯಾವ ಕಾಯಿಲೆಯೂ ಇಲ್ಲ. ವಂಶವಾಹಿ ಪರೀಕ್ಷೆ ಮಾಡಿಸುವುದೋ ಬೇಡವೋ ಅನ್ನುವ ಪ್ರಶ್ನೆ ಬಂತು. ಕಿವಿ ತಜ್ಞರ ಜೊತೆ ಮಾತಾಡಿದೆ. ಪರೀಕ್ಷೆಗೆ ದುಡ್ಡು ಬೇಕು, ಆಪರೇಷನ್ ಅದಕ್ಕೆ ಕಾಯಬೇಕಿಲ್ಲ. ಆದರೂ ಮಾಡಿಸೋಣ ಅಂತ ಇಬ್ಬರೂ ಒಪ್ಪಿದೆವು. ಮುಂದಿನ ಮಗುವಿನ ಬಗ್ಗೆ ಆ ದಂಪತಿಗೆ ಉತ್ತರ ಬೇಕಿತ್ತು. ಗ್ರಹಣದ ಮಾತಿಗೂ ಒಂದು ಉತ್ತರ ಬೇಕಿತ್ತು. ಮಾದರಿ ದೊಡ್ಡ ಊರಿನ ಲ್ಯಾಬಿಗೆ ಹೋಯಿತು.

ವರದಿ ಬಂದ ದಿನ

ಜಿಜೆಬಿ2 ವಂಶವಾಹಿಯ ಎರಡೂ ಪ್ರತಿಯಲ್ಲಿ ಒಂದೇ ದೋಷ: ಡಬ್ಲ್ಯು24ಎಕ್ಸ್. ಅಪ್ಪನಿಗೆ ಒಂದು ಕೆಟ್ಟ ಪ್ರತಿ, ಅವ್ವನಿಗೆ ಒಂದು. ಇಬ್ಬರಿಗೂ ಉಳಿದ ಒಂದು ಪ್ರತಿ ಸರಿ ಇರುವುದರಿಂದ ಕಿವಿ ಚೆನ್ನಾಗಿದೆ.

ಈ ವಂಶವಾಹಿಗೂ ಹುಟ್ಟು ಕಿವುಡಿಗೂ ನಂಟಿದೆ ಅಂತ 1997ರಲ್ಲಿ ಗೊತ್ತಾಯಿತು. ಅದು ತಯಾರಿಸುವುದು ಕನೆಕ್ಸಿನ್ 26, ಅಂದರೆ ನಾನು ಕಾಗದದ ಮೇಲೆ ಬರೆದ ಆ ಕಿಂಡಿಯ ಪ್ರೋಟೀನನ್ನೇ. ಅದರಲ್ಲಿ 226 ಅಮೈನೋ ಆಮ್ಲಗಳ ಸರಣಿ ಇರಬೇಕು. ಈ ದೋಷದಲ್ಲಿ 24ನೇ ಜಾಗದಲ್ಲೇ ತಯಾರಿ ನಿಂತುಬಿಡುತ್ತದೆ. ಕಿಂಡಿ ಆಗುವುದೇ ಇಲ್ಲ. ಕನೆಕ್ಸಿನ್ 26 ಇಲ್ಲದ ಇಲಿಗಳಲ್ಲಿ ಕೋರ್ಟಿ ಅಂಗ ಸರಿಯಾಗಿ ಬೆಳೆಯುವುದಿಲ್ಲ, ಕೋಶಗಳು ಸಾಯುತ್ತವೆ. ಯುರೋಪಿನವರಲ್ಲಿ ಈ ವಂಶವಾಹಿಯ ಬೇರೊಂದು ದೋಷ ಹೆಚ್ಚು. ಭಾರತದಲ್ಲಿ ಹೆಚ್ಚಾಗಿ ಸಿಗುವುದು ಇದೇ ಡಬ್ಲ್ಯು24ಎಕ್ಸ್.

ವರದಿ ಓದುವಾಗ ಅವ್ವ ಒಂದು ಮಾತು ಕೇಳಿದಳು. "ಆಯಿ ಹೊರಗ ಕುಂತಾರ. ಅವರನ್ನೂ ಒಳಗ ಕರೀರಿ. ಅವರ ಮುಂದ ಇನ್ನೊಮ್ಮೆ ಓದ್ರಿ."

ಓದಿದೆ. ಇದು ಗರ್ಭ ನಿಂತ ಕ್ಷಣದಲ್ಲೇ ತೀರ್ಮಾನ ಆಗಿದ್ದ ವಿಷಯ, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದೆ. ಅಪ್ಪ ಅವ್ವ ಇಬ್ಬರಿಗೂ ಇದು ಒಂದೇ ಮನೆತನದ ಹಿರಿಯರಿಂದ ಬಂದಿರಬೇಕು, ಅದು ಯಾರ ತಪ್ಪೂ ಅಲ್ಲ ಅಂದೆ. ಆಯಿ ಏನೂ ಮಾತಾಡಲಿಲ್ಲ. ಹೋಗುವಾಗ ಮೊಮ್ಮಗಳ ಕೈಯಿಂದ ಚೀಲ ತಾವೇ ತೆಗೆದುಕೊಂಡರು.

ಆಪರೇಷನ್ ಬಗ್ಗೆ ಅಪ್ಪನಿಗೆ ಭಯ ಇತ್ತು. ತಲೆ ಕೊರೆಯುತ್ತಾರೆ ಅಂತ ಊರಲ್ಲಿ ಯಾರೋ ಹೆದರಿಸಿದ್ದರು. ಅದಕ್ಕಿಂತ ದೊಡ್ಡ ಅನುಮಾನ, ಕೋಶಗಳೇ ಹೋಗಿದ್ದರೆ ನರ ಉಳಿದಿರುತ್ತಾ ಅನ್ನುವುದು. ಒಳ್ಳೆಯ ಅನುಮಾನ. ಉತ್ತರ ಮತ್ತೆ ಅದೇ ಆಹಾರದ ದಾರಿಯಲ್ಲಿದೆ. ಶ್ರವಣ ನರದ ಕೋಶಗಳು ಇರುವುದು ಕಾಕ್ಲಿಯಾದ ನಡುಗಂಬದಲ್ಲಿ. ಆ ಕಂಬದೊಳಗೆ ಅವುಗಳ ಪಕ್ಕದಲ್ಲೇ ರಕ್ತನಾಳಗಳಿವೆ. ಹೊರಗೋಡೆಯಿಂದ ಕಿಂಡಿ ಕಿಂಡಿ ದಾಟಿ ಬರುವ ಆಹಾರಕ್ಕೆ ಅವು ಕಾಯುತ್ತಾ ಕೂತಿಲ್ಲ. ಸ್ಕ್ಯಾನಿನಲ್ಲೂ ಕಾಕ್ಲಿಯಾದ ಆಕಾರ ಸರಿ ಇತ್ತು, ನರ ಕಾಣುತ್ತಿತ್ತು. ಕಾಕ್ಲಿಯರ್ ಇಂಪ್ಲಾಂಟ್ ರೋಮಕೋಶವನ್ನು ಬಿಟ್ಟು ನೇರವಾಗಿ ಆ ನರಕ್ಕೆ ವಿದ್ಯುತ್ ಸಂಕೇತ ಕೊಡುತ್ತದೆ. ಈ ವಂಶವಾಹಿಯ ದೋಷ ಇರುವ ಮಕ್ಕಳಲ್ಲಿ ಇಂಪ್ಲಾಂಟ್ ಸಾಮಾನ್ಯವಾಗಿ ಚೆನ್ನಾಗಿ ಕೆಲಸ ಮಾಡುವುದಕ್ಕೆ ಕಾರಣ ಇದು.

ಅಂಗವಿಕಲರಿಗೆ ಸಾಧನ ಸಿಗಲು ನೆರವಾಗುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಇಂಪ್ಲಾಂಟ್‌ಗೆ ಅವಕಾಶ ಇದೆ. ಅದರಲ್ಲಿ ಅರ್ಜಿ ಹಾಕಿ, ದೊಡ್ಡ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಗ ಮಲ್ಲುಗೆ ಎರಡೂವರೆ ವರ್ಷ.

ಆಮೇಲೆ

ಇಂಪ್ಲಾಂಟ್ ಸ್ವಿಚ್ ಆನ್ ಮಾಡಿದ ದಿನ ಮಗು ನಗುತ್ತದೆ ಅಂತ ಎಲ್ಲರೂ ಮೊಬೈಲ್ ಹಿಡಿದು ಕಾಯುತ್ತಿದ್ದರು. ಮಲ್ಲು ಜೋರಾಗಿ ಅತ್ತು, ತಲೆಯ ಮೇಲೆ ಅಂಟಿಸುವ ಹೊರಭಾಗವಾದ ಕಾಯಿಲ್ ಕಿತ್ತೆಸೆದ. ಇದನ್ನು ಪೋಷಕರಿಗೆ ಮೊದಲೇ ಹೇಳಿಟ್ಟಿರಬೇಕು. ಹೇಳಿಟ್ಟಿದ್ದರಿಂದ ಅವ್ವ ಗಾಬರಿಯಾಗಲಿಲ್ಲ.

ಮೊದಲ ಎರಡು ತಿಂಗಳು ಕ್ಲಿನಿಕ್ಕಿನ ಆಟಿಕೆಗಳ ಸದ್ದಿಗೆ ಅವನು ಸರಿಯಾಗಿ ಸ್ಪಂದಿಸುತ್ತಿರಲಿಲ್ಲ. ಆಮೇಲೆ ತೊಗರಿ ರಾಶಿ ಬಂತು. ಅಪ್ಪ ಅವ್ವ ಇಬ್ಬರೂ ಹೊಲದಲ್ಲಿ. ಕಲಬುರಗಿಗೆ ಬರುವುದು ಕೆಲವು ವಾರ ನಿಂತಿತು. ತರಬೇತಿ ಮಧ್ಯದಲ್ಲಿ ಬಿಟ್ಟುಹೋದರೆ ಗಳಿಸಿದ್ದೂ ಜಾರುತ್ತದೆ. ಹಾಗಾಗಿ ಮನೆಯಲ್ಲಿ ಉಳಿಯುವವರಿಗೇ ಕಲಿಸೋಣ ಅಂತ ಆಯಿಯನ್ನು ಕರೆಸಿದೆ. ಹೊಸ ಸದ್ದು ಬೇಡ, ಮನೆಯಲ್ಲಿ ದಿನಾ ಇರುವ ಸದ್ದನ್ನೇ ಹಿಡಿಯಿರಿ ಅಂದೆ.

ಆಯಿ ಆರಿಸಿಕೊಂಡದ್ದು ಜೋಳದ ರೊಟ್ಟಿ ಬಡಿಯುವ ಸದ್ದನ್ನು. ಮಗುವನ್ನು ಬೆನ್ನ ಹಿಂದೆ ಕೂರಿಸುವುದು. ತಟ್ಟುವ ಮೊದಲು ಕಿವಿ ಮುಟ್ಟಿ ತೋರಿಸುವುದು. ನಾಲ್ಕು ಏಟು ಬಡಿದು ನಿಲ್ಲಿಸುವುದು. ಅವನು ನೋಡಿದರೆ "ಟಪ್ ಟಪ್, ರೊಟ್ಟಿ" ಅನ್ನುವುದು. ರಾಶಿ ಮುಗಿಸಿ ಬಂದಾಗ ನನ್ನ ಕೋಣೆಯಲ್ಲೇ ಮಾಡಿ ತೋರಿಸಿದರು. ಹಿಟ್ಟು, ರೊಟ್ಟಿ ಬಡಿಯುವ ಕೊಣಮಿಗೆ ಎರಡನ್ನೂ ತಂದಿದ್ದರು. ಮಲ್ಲು ಗೋಡೆಯ ಕಡೆ ಮುಖ ಮಾಡಿ ಲಾರಿ ಓಡಿಸುತ್ತಿದ್ದ. ಅವ್ವನನ್ನು ದೂರ ಕೂರಿಸಿದ್ದೆ. ಆಯಿ ಬಡಿದರು. ಅವನು ಲಾರಿ ಬಿಟ್ಟು ತಿರುಗಿ, ಕೊಣಮಿಗೆ ನೋಡಿ, "ತ ತ" ಅಂದ.

ಒಂದು ವರ್ಷ ಆಗುವ ಹೊತ್ತಿಗೆ ಹೆಸರು ಕರೆದರೆ ತಿರುಗುತ್ತಿದ್ದ. ಅವ್ವಾ, ನೀರು, ಬಾ, ಕೊಡು ಸ್ಪಷ್ಟವಾಗಿದ್ದವು. ಈಗ ಎರಡು ಮೂರು ಪದದ ವಾಕ್ಯ ಆಡುತ್ತಾನೆ. ಸ, ಶ ಇನ್ನೂ ಸರಿಯಾಗಿಲ್ಲ. ಗದ್ದಲದಲ್ಲಿ ಕಷ್ಟಪಡುತ್ತಾನೆ. ನಮ್ಮ ಬೇಸಿಗೆಯ ಬೆವರು ಮಷೀನಿಗೆ ಹಗೆ, ರಾತ್ರಿ ತೇವ ಹೀರುವ ಡಬ್ಬಿಯಲ್ಲಿ ಇಡಬೇಕು. ಯೋಜನೆ ಆಪರೇಷನ್ ಖರ್ಚು ನೋಡಿಕೊಂಡಿತು. ಆದರೆ ಕೇಬಲ್, ಬ್ಯಾಟರಿ, ಬಸ್ ಚಾರ್ಜ್ ಮನೆಯ ಮೇಲೇ ಬಿದ್ದಿದೆ. ಅದು ಈ ಕುಟುಂಬಕ್ಕೆ ಹಗುರವಾದ ಹೊರೆ ಅಲ್ಲ.

ಈ ಪ್ರಕರಣದಿಂದ ತೆಗೆದುಕೊಳ್ಳಬೇಕಾದ್ದು

ನನ್ನಂಥ ಕೆಲಸ ಮಾಡುವವರಿಗೆ ಮೊದಲನೆಯದು, ಮಗು ತೊಡೆಯ ಮೇಲಿದ್ದಾಗ ಬಂದ ಪ್ರತಿಕ್ರಿಯೆಯನ್ನು ನಂಬಬೇಡಿ. ಮನೆತನದ ವಿವರ ಕೇಳುವಾಗ ಕಾಯಿಲೆಯ ಹೆಸರು ಹಿಡಿದು ಕೇಳುವುದಕ್ಕಿಂತ ಜನರ ಹೆಸರು ಹಿಡಿದು ಕೇಳಿ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಓದುತ್ತಿದ್ದರೆ ಒಂದು ವಿನಂತಿ: 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹುಟ್ಟು ಕಿವುಡೂ ಸೇರಿದೆ. ಮಾತು ತಡವಾದ ಮಗುವನ್ನು ಆ ತಂಡಕ್ಕೆ ತೋರಿಸಿ.

ಎಂಟು ತಿಂಗಳ ಸಲೈನ್ ಮಗುವಿನ ದೇಹಕ್ಕೆ ಹಾನಿ ಮಾಡಲಿಲ್ಲ. ಅದು ತಿಂದದ್ದು ಕಾಲವನ್ನು. ಮಿದುಳು ಮಾತು ಕಲಿಯಲು ತಯಾರಿರುವ ಮೊದಲ ವರ್ಷಗಳಲ್ಲಿ ಎಂಟು ತಿಂಗಳು ಅಂದರೆ ತುಂಬಾ ಜಾಸ್ತಿ. ನನಗೆ ಈಗಲೂ ಸಂಕಟವಾಗುವುದು ಅದಕ್ಕೆ. ಹುಟ್ಟಿದಾಗಲೇ ಒಎಇ ಆಗಿದ್ದರೆ ಈ ಮಗು ಒಂದು ವರ್ಷದ ಆಸುಪಾಸಿನಲ್ಲೇ ಇಂಪ್ಲಾಂಟ್‌ಗೆ ಸಿದ್ಧವಾಗಿರುತ್ತಿತ್ತು. ಕಿವಿ ಕೇಳದ ಎಲ್ಲ ಮಕ್ಕಳಿಗೂ ಇದೇ ದೋಷ ಇರುತ್ತದೆ ಅಂತ ಮಾತ್ರ ಯಾರೂ ತಿಳಿಯಬಾರದು. ಕಾರಣಗಳು ನೂರಾರು ಇವೆ, ಒಬ್ಬೊಬ್ಬರ ದಾರಿ ಬೇರೆ.

ಅವ್ವ ಎರಡನೇ ಸಲ ಬಸುರಿಯಾದಾಗ ಮೂರನೇ ತಿಂಗಳಲ್ಲೇ ಬಂದಳು. ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇದೆ ಅಂತ ವಿವರಿಸಿದೆ. ಗರ್ಭದಲ್ಲೇ ಪರೀಕ್ಷೆ ಬೇಡ, ಹುಟ್ಟಿದ ಕೂಡಲೇ ನೋಡೋಣ ಅಂತ ದಂಪತಿ ನಿರ್ಧರಿಸಿದರು. ಹೆಣ್ಣುಮಗು. ಆಸ್ಪತ್ರೆಯಿಂದ ಮನೆಗೆ ಹೋಗುವ ಮೊದಲೇ ಒಎಇ ಆಯಿತು, ಎರಡೂ ಕಿವಿ ಪಾಸ್. ಈ ದೋಷ ಇರುವ ಕೆಲವು ಮಕ್ಕಳು ಹುಟ್ಟಿದಾಗಿನ ಪರೀಕ್ಷೆಯಲ್ಲಿ ಪಾಸಾಗಿ ಆಮೇಲೆ ಶ್ರವಣ ಕಳೆದುಕೊಳ್ಳುವುದುಂಟು. ಅದಕ್ಕೆ ಮೂರು ತಿಂಗಳಿಗೆ ಬೆರಾ ಕೂಡ ಮಾಡಿದೆವು. ಸರಿ ಇದೆ.

ಹೋದ ತಿಂಗಳು ಆಯಿ ಒಬ್ಬರೇ ಬಂದಿದ್ದರು. ಸಣ್ಣ ಮಗನಿಗೂ ಇನ್ನೊಬ್ಬ ಮಗಳ ಮಗಳನ್ನೇ ತರಬೇಕು ಅಂತ ಮೊದಲಿಂದ ಮಾತಾಗಿತ್ತಂತೆ. "ಅವರಿಬ್ಬರದ್ದೂ ರಕ್ತ ನೋಡ್ತೀರೇನ್ರಿ ಮೇಡಂ, ಮಾತು ಮುಂದುವರ್ಸೋಕ್ಕಿಂತ ಮೊದಲ?" ಅಂದರು. ನೋಡಬಹುದು, ಆದರೆ ಈ ಒಂದು ವಂಶವಾಹಿ ಸರಿ ಇದ್ದ ಮಾತ್ರಕ್ಕೆ ಉಳಿದದ್ದೆಲ್ಲ ಸರಿ ಅಂತಲ್ಲ, ಹತ್ತಿರದ ಸಂಬಂಧದಲ್ಲಿ ಬೇರೆ ದೋಷಗಳೂ ಕೂಡಿಬರಬಹುದು ಅಂದೆ. ಹುಡುಗಿ ಇನ್ನೂ ಪಿಯುಸಿ ಓದುತ್ತಿದ್ದಾಳೆ. ಅವಳನ್ನೂ ಒಂದು ಮಾತು ಕೇಳಿ ಅಂದೆ. ಆಯಿ ತಲೆಯಾಡಿಸಿದರು. ಸಣ್ಣ ಮಗನ ಮಾದರಿ ಮಾತ್ರ ಈಗ ಲ್ಯಾಬಿಗೆ ಹೋಗಿದೆ.